ನಮ್ಮ ಭಜನಿ ಮೇಳದ ಮಾರುತಿ 800

ಇತಿಹಾಸ ಅಂದ್ರ ರಾಜರು, ಕೋಟೆ, ಯುದ್ಧ ಅಂತ ಶಾಲೆಯಲ್ಲಿ ಕಲಿತೆವು. ನಮ್ಮ ಅಂಗಳದಾಗ ನಿಂತಿರುವ ಸಣ್ಣ ಕಾರಿಗೂ ಒಂದು ಇತಿಹಾಸ ಐತಿ. ಅದನ್ನ ಇಲ್ಲಿ ಬರದೀನಿ.

ನಾ ಸಣ್ಣವಿದ್ದಾಗ ಜತ್ತ ಭಾಗದ ಹಳ್ಳಿಗೆ ಕಾರು ಬಂತಂದ್ರ ಅದು ಅಂಬಾಸಿಡರ್. ಒಳಗ ಕುಂತವರು ಸಾಹುಕಾರರು, ಇಲ್ಲಾ ಸರಕಾರದವರು. ಸಾಮಾನ್ಯರಿಗೆ ಎಟುಕುವ ಸಣ್ಣ ಕಾರು ಮಾಡಬೇಕೆಂದು ಸಂಜಯ ಗಾಂಧಿಯವರು 1971ರಲ್ಲಿ ಶುರು ಮಾಡಿದ ಮಾರುತಿ ಕಂಪನಿ ಮುಚ್ಚಿಹೋಯಿತು. 1981ರಲ್ಲಿ ಸರಕಾರವೇ ಮಾರುತಿ ಉದ್ಯೋಗ ಕಂಪನಿ ಸ್ಥಾಪಿಸಿ, ಮರುವರ್ಷ ಜಪಾನಿನ ಸುಜುಕಿಯ ಜೊತೆ ಕರಾರು ಮಾಡಿಕೊಂಡಿತು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಯನ್ನು ದಿಲ್ಲಿಯ ಹರಪಾಲ ಸಿಂಗ ಅವರ ಕೈಗೆ ಕೊಟ್ಟರು. 2010ರಲ್ಲಿ ತೀರಿಕೊಳ್ಳುವ ತನಕ ಅವರು ಆ ಗಾಡಿ ಮಾರಲಿಲ್ಲ. ಆಮೇಲೆ ತುಕ್ಕು ಹಿಡಿದಿದ್ದ ಅದನ್ನು ಕಂಪನಿಯವರೇ ದುರಸ್ತಿ ಮಾಡಿಸಿ ತಮ್ಮ ಕಚೇರಿಯಲ್ಲಿ ಇಟ್ಟರು.

ನಮ್ಮದು 1997ರ ಗಾಡಿ. 796 ಸಿ.ಸಿ., ಮೂರು ಸಿಲಿಂಡರ್, ಮುಂದಿನ ಗಾಲಿ ಎಳೆಯುವಂಥಾದ್ದು. 2006ರಾಗ ಎರಡು ಎಮ್ಮಿ ಮಾರಿ, ನಿವೃತ್ತರಾದ ಒಬ್ಬ ಮಾಸ್ತರರ ಕಡಿಂದ ತಗೊಂಡೆ. ನಂಬರ ಪಾಟಿ ಮಹಾರಾಷ್ಟ್ರದ್ದು, ಒಳಗ ಹಾಡಿದ್ದು ಕನ್ನಡದ ಪದ. ಐದು ಮಂದಿ ಕುಂತು, ಹಾರ್ಮೋನಿಯಂ ತೊಡಿ ಮ್ಯಾಲೆ ಇಟಗೊಂಡು, ಗಡಿ ಆಚೀಚೆ ಜಾತ್ರಿಗೆ ಹೋಗ್ತಿದ್ವಿ.

ತಪ್ಪು ನನ್ನದು. ಗಾಡಿ ದನದ ಕೊಟ್ಟಿಗಿ ಬಾಜೂ ನಿಲ್ಲಿಸಿದೆ. ದನದ ಉಚ್ಚಿ, ಹಸಿ ತಗಲಿ ತಳದ ಪತ್ರಾ ತಿಂದುಹೋಯ್ತು. 2022ಕ್ಕ ನೋಂದಣಿ ಮುಗೀತು. ಅದೇ ಏಪ್ರಿಲ್‌ದಿಂದ ಹಳೇ ಕಾರಿನ ಮರುನೋಂದಣಿ ಫೀ 600 ಇದ್ದದ್ದು 5,000 ಆತು. “ಅಪ್ಪಾ, ಗುಜರಿಗೆ ಕೊಟ್ಟುಬಿಡೂಣು” ಅಂದ ಮಗ. ಲೆಕ್ಕಕ್ಕ ಅವನ ಮಾತು ಖರೇನ.

ಆದ್ರ ನಮ್ಮ ಮೇಳದ ತಾಳದ ಅಜ್ಜನಿಗೆ ಎಪ್ಪತ್ತೆಂಟು. ಜೀಪ ಹತ್ತಲಿಕ್ಕೆ ಕಾಲು ಏಳೂದಿಲ್ಲ. ಈ ಗಾಡಿ ಗಿಡ್ಡ, ಬಾಗಿಲಾ ತಗದ್ರ ಸಾಕು, ಕುಂದರತಾರ. ಗಾಡಿ ಹೋದ್ರ ಅವರು ಮನ್ಯಾಗ ಉಳೀತಿದ್ರು. ಅವರಿಗೆ ಬರೂ ಪದ ಇನ್ನೊಬ್ಬರಿಗೆ ಬರೂದಿಲ್ಲ.

ಮಿಸ್ತ್ರಿ ತಳಾ ಕತ್ತರಿಸಿ ಹೊಸ ಪತ್ರಾ ಬೆಸದ. ಕಾರ್ಬೊರೇಟರ್ ತೊಳದ, ಕ್ಲಚ್ ಪ್ಲೇಟು, ಬ್ರೇಕು, 12 ಇಂಚಿನ ಟೈರು ಬದಲಿ ಮಾಡಿದ. ಈ ಗಾಡಿ ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಮಾರಾಟವಾಗಿದ್ದರಿಂದ ಸಾಮಾನು ಇನ್ನೂ ಸಿಗತಾವ. ನಮ್ಮ ಅನುಕೂಲಕ್ಕ ಮೂರೇ ಬದಲು ಮಾಡಿಸಿದೆ: ಹಾರ್ಮೋನಿಯಂ ಪೆಟ್ಟಿಗಿಗೆ ಟಪ್ಪಿನ ಮ್ಯಾಲೆ ಕ್ಯಾರಿಯರ್, ಸೀಟಿಗೆ ಸೊಲ್ಲಾಪುರ ಚಾದರದ ಹೊದಿಕಿ, ಹಾಡಿನ ವಹಿ ಓದಲಿಕ್ಕ ಹಿಂದ ಒಂದು ಸಣ್ಣ ದೀಪ. ಬಣ್ಣ ಬದಲಿಸಿದರೆ ಆರ್.ಸಿ.ಯಲ್ಲಿ ಬರೆಸಬೇಕು. ಅದಕ್ಕ ಬಿಳಿ ಬಣ್ಣ ಬಿಳೀನ ಉಳೀತು.

2014ರ ಜನವರಿಯಲ್ಲಿ ಮಾರುತಿ 800 ತಯಾರಿಕೆ ನಿಂತಿತು. ಅದೇ ಮೇ ತಿಂಗಳಲ್ಲಿ ಅಂಬಾಸಿಡರ್ ಕೂಡ ನಿಂತಿತು. ಸಾಹುಕಾರರ ಗಾಡಿ, ಸಣ್ಣ ಮಂದಿ ಗಾಡಿ ಎರಡೂ ಒಂದೇ ವರ್ಷ ಮುಗಿದವು.

ನಮ್ಮ ಗಾಡಿಗೆ 2027ರ ತನಕ ಕಾಗದ ಐತಿ. ಈಗ ಅದು ಕೊಟ್ಟಿಗಿ ಬಾಜೂ ಅಲ್ಲ, ಪಡಸಾಲಿ ಮುಂದ ನಿಲ್ತದ. ಅಜ್ಜನ ಪಕ್ಕ ಇಬ್ಬರು ಹುಡುಗರು ಕುಂತು ಪದ ಕಲೀಲಿಕ್ಕತ್ಯಾರ.