ಪೆಪೆರೋನಿಗೆ ಒಂದು ಒತ್ತು ಸೇರಿದಾಗ: ಇಂಗ್ಲಿಷ್ ಮೆನುವಿಗೆ ಬಂದ ಇಟಲಿಯ ಪದಗಳು

ಪುಣೆ ಇರಲಿ, ಹೈದರಾಬಾದ್ ಇರಲಿ, ಟೀಮ್ ಲಂಚ್ ಅಂದ್ರೆ ಪಿಜ್ಜಾ-ಪಾಸ್ತಾ ಹೋಟೆಲಿಗೆ ಒಂದು ಸಲವಾದ್ರೂ ಹೋಗಿರ್ತೀವಿ. ಮೆನು ಇಂಗ್ಲಿಷಿನಲ್ಲಿರುತ್ತೆ, ಆದರೆ ಅದರಲ್ಲಿ ಅರ್ಧ ಪದಗಳು ಇಟಲಿಯವು. ಈ ಪದಗಳನ್ನ ಯಾರೂ ಯಾಕೆ ಅನುವಾದ ಮಾಡಲಿಲ್ಲ? ಹಾಗೇ ಬಿಟ್ಟಿದ್ದರಿಂದ ಏನಾಯ್ತು? ಇವತ್ತು ಅದನ್ನ ನೋಡೋಣ.

ನಮ್ಮ ಅಡುಗೆಮನೆಯಿಂದಲೇ ಶುರು ಮಾಡೋಣ. ಶಾವಿಗೆ ಪ್ಯಾಕೆಟ್ ಮೇಲೆ ಇಂಗ್ಲಿಷಿನಲ್ಲಿ ‘ವರ್ಮಿಸೆಲ್ಲಿ’ ಅಂತಿರುತ್ತೆ, ಅಲ್ವಾ? ಅದು ಇಟಾಲಿಯನ್ ಪದ. ‘ವೆರ್ಮೆ’ ಅಂದ್ರೆ ಹುಳು, ‘ವೆರ್ಮಿಚೆಲ್ಲಿ’ ಅಂದ್ರೆ ಪುಟ್ಟ ಹುಳುಗಳು. 17ನೇ ಶತಮಾನದಲ್ಲೇ ಇಂಗ್ಲಿಷಿಗೆ ಬಂದ ಈ ಪದವನ್ನ, ಸದ್ಯ, ಯಾರೂ ಅನುವಾದ ಮಾಡಲಿಲ್ಲ! ಇಲ್ಲದಿದ್ರೆ ನಾವು ಮೆನುವಿನಲ್ಲಿ ‘ಹುಳುಗಳ ಉಪ್ಪಿಟ್ಟು’ ಅಂತ ಓದಬೇಕಿತ್ತು. ಪಾಸ್ತಾದ ಹೆಸರುಗಳೆಲ್ಲ ಹೀಗೇ. ಲಿಂಗ್ವಿನೆ ಅಂದ್ರೆ ಪುಟ್ಟ ನಾಲಿಗೆಗಳು, ಒರೆಕ್ಯೆತ್ತೆ ಅಂದ್ರೆ ಪುಟ್ಟ ಕಿವಿಗಳು, ಫಾರ್ಫಾಲ್ಲೆ ಅಂದ್ರೆ ಚಿಟ್ಟೆಗಳು. ಪೆನ್ನೆ ಅಂದ್ರೆ ಬರೆಯುವ ಗರಿ, ನಮ್ಮ ‘ಪೆನ್ನು’ ಕೂಡ ಅದೇ ಲ್ಯಾಟಿನ್ ಮೂಲದಿಂದ ಬಂದದ್ದು. ಕೋಡುಬಳೆ ತಿನ್ನುವಾಗ ನಮಗೆ ಕೋಡೂ ನೆನಪಾಗಲ್ಲ, ಬಳೆಯೂ ನೆನಪಾಗಲ್ಲ. ಹಾಗೆಯೇ ಇಟಲಿಯವರಿಗೂ. ಇಂಥ ಹೆಸರಿನ ಅಕ್ಷರಶಃ ಅರ್ಥ ಹೇಳೋದ್ರಿಂದ ತಿನ್ನೋರಿಗೆ ಉಪಯೋಗ ಇಲ್ಲ. ಹಾಗಾಗಿ ಹೆಸರನ್ನ ಹಾಗೇ ಬಿಟ್ಟದ್ದು ಸರಿಯೇ.

ಆದರೆ ಹೆಸರು ಬಂದ ಕೂಡಲೇ ತಿಳುವಳಿಕೆಯೂ ಬರುತ್ತೆ ಅಂತಿಲ್ಲ. 1957ರ ಏಪ್ರಿಲ್ 1ರಂದು ಬಿಬಿಸಿಯ ‘ಪನೋರಮಾ’ ಕಾರ್ಯಕ್ರಮದಲ್ಲಿ ಒಂದು ವರದಿ ಬಂತು. ಸ್ವಿಟ್ಜರ್‌ಲೆಂಡಿನ ತಿಚಿನೊ ಪ್ರದೇಶದಲ್ಲಿ ಒಂದು ಕುಟುಂಬ ಮರಗಳಿಂದ ಸ್ಪಾಗೆಟ್ಟಿ ಕೊಯ್ಲು ಮಾಡ್ತಿದೆ ಅಂತ. ಏಪ್ರಿಲ್ ಫೂಲ್ ತಮಾಷೆ ಅದು. ಆದರೆ ಎಷ್ಟೋ ಜನ ನಂಬಿ, ಸ್ಪಾಗೆಟ್ಟಿ ಗಿಡ ಬೆಳೆಸೋದು ಹೇಗೆ ಅಂತ ಬಿಬಿಸಿಯನ್ನೇ ಕೇಳಿದರು. ಪದ ಗೊತ್ತಿತ್ತು, ಪದಾರ್ಥ ಗೊತ್ತಿರಲಿಲ್ಲ.

ಅಮೆರಿಕದಲ್ಲಿ ನಡೆದದ್ದು ಇದಕ್ಕಿಂತ ದೊಡ್ಡ ಕಥೆ. 1880ರಿಂದ 1920ರ ನಡುವೆ 40 ಲಕ್ಷಕ್ಕೂ ಹೆಚ್ಚು ಇಟಾಲಿಯನ್ನರು ಅಲ್ಲಿಗೆ ಹೋದರು. ಬಹುಪಾಲು ದಕ್ಷಿಣ ಇಟಲಿಯ ಬಡವರು. ಅವರು ಮಾತಾಡ್ತಿದ್ದದ್ದು ಪುಸ್ತಕದ ಇಟಾಲಿಯನ್ ಅಲ್ಲ, ನೇಪಲ್ಸ್, ಸಿಸಿಲಿ, ಕಲಾಬ್ರಿಯಾದ ಆಡುಮಾತುಗಳು. ಊರಲ್ಲಿ ಅಪರೂಪವಾಗಿದ್ದ ಮಾಂಸ ಅಮೆರಿಕದಲ್ಲಿ ಅಗ್ಗವಾಗಿ ಸಿಕ್ಕಿತು. ಅಡುಗೆ ಬದಲಾಯ್ತು, ಆದರೆ ಹೆಸರುಗಳು ಊರಿನವೇ ಉಳಿದವು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ವೇರಿಯಬಲ್ ಹೆಸರು ಅದೇ, ವ್ಯಾಲ್ಯೂ ಬೇರೆ.

ಇದಕ್ಕೆ ಒಳ್ಳೆಯ ಉದಾಹರಣೆ ಪೆಪ್ಪರೋನಿ. ಇಟಾಲಿಯನ್‌ನಲ್ಲಿ ‘ಪೆಪೆರೋನಿ’ ಅಂದ್ರೆ ದೊಣ್ಣೆ ಮೆಣಸಿನಕಾಯಿ, ನಮ್ಮ ಕ್ಯಾಪ್ಸಿಕಂ. ಅಮೆರಿಕದಲ್ಲಿ ಅದೇ ಪದ ಖಾರ ಹಾಕಿದ ಮಾಂಸದ ಸಾಸೇಜಿನ ಹೆಸರಾಯ್ತು, ಸ್ಪೆಲಿಂಗಿನಲ್ಲಿ ಇನ್ನೊಂದು ‘ಪಿ’ ಸೇರಿಕೊಂಡಿತು. ಕತೆಗೂ ಕತ್ತೆಗೂ ಇರುವ ವ್ಯತ್ಯಾಸ ಗೊತ್ತಿರುವ ಕನ್ನಡಿಗರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಒಂದು ಒತ್ತು ಸೇರಿತು, ತರಕಾರಿ ಮಾಂಸ ಆಯ್ತು! ಇವತ್ತಿಗೂ ಇಟಲಿಯಲ್ಲಿ ಪೆಪೆರೋನಿ ಪಿಜ್ಜಾ ಕೇಳಿದ್ರೆ ಕ್ಯಾಪ್ಸಿಕಂ ಹಾಕಿದ್ದೇ ಬರೋದು. ಅಮೆರಿಕದ ಪೆಪ್ಪರೋನಿಗೆ ಹತ್ತಿರದ್ದು ಬೇಕಂದ್ರೆ ‘ದ್ಯಾವೊಲಾ’ ಅಂತ ಕೇಳಬೇಕು.

ಇಂಥವು ಇನ್ನೂ ಇವೆ. ‘ಲಾತ್ತೆ’ ಅಂದ್ರೆ ಬರೀ ಹಾಲು. ಇಟಲಿಯ ಕಾಫಿ ಬಾರಿನಲ್ಲಿ ಲಾಟೆ ಕೇಳಿದ್ರೆ ಒಂದು ಲೋಟ ಹಾಲು ಕೊಟ್ಟರೂ ಕೊಟ್ಟಾರು. ಕಾಫಿ ಬೇಕಂದ್ರೆ ‘ಕಾಫೆ ಲಾತ್ತೆ’ ಅನ್ನಬೇಕು. ‘ಸ್ಕಾಂಪಿ’ ಒಂದು ಜಾತಿಯ ಕಡಲ ಜೀವಿ, ಸಣ್ಣ ನಳ್ಳಿಯ ಥರದ್ದು. ಅಮೆರಿಕದಲ್ಲಿ ‘ಶ್ರಿಂಪ್ ಸ್ಕಾಂಪಿ’ ಅಂದ್ರೆ ಬೆಳ್ಳುಳ್ಳಿ-ಬೆಣ್ಣೆಯಲ್ಲಿ ಮಾಡಿದ ಸಿಗಡಿ. ಪ್ರಾಣಿಯ ಹೆಸರು ಅಡುಗೆ ವಿಧಾನದ ಹೆಸರಾಯ್ತು. ‘ಪಾನಿನಿ’ ಬಹುವಚನ, ಒಂದೇ ಆದ್ರೆ ‘ಪಾನಿನೊ’. ಇಂಗ್ಲಿಷಿನವರು ಅದಕ್ಕೆ ಮತ್ತೊಂದು ‘ಎಸ್’ ಸೇರಿಸಿ ಪಾನಿನೀಸ್ ಅಂತಾರೆ. ನಗಬೇಡಿ, ನಾವು ‘ಫೋಟೋಸ್‌ಗಳು’ ಅಂತೀವಲ್ಲ, ಅದೂ ಇದೇ. ಇನ್ನು ‘ಮರಿನಾರಾ’ ಅಂದ್ರೆ ನಾವಿಕರ ಶೈಲಿ. ನೇಪಲ್ಸಿನ ಮರಿನಾರಾ ಪಿಜ್ಜಾದಲ್ಲಿ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಆಲಿವ್ ಎಣ್ಣೆ ಅಷ್ಟೇ. ಮೀನೂ ಇಲ್ಲ, ಚೀಸೂ ಇಲ್ಲ. ಆದರೆ ಆಸ್ಟ್ರೇಲಿಯಾದಲ್ಲಿ ಮರಿನಾರಾ ಪಾಸ್ತಾ ಅಂದ್ರೆ ಸೀಫುಡ್ ಪಾಸ್ತಾ.

ಉಲ್ಟಾ ದಾರಿ ಹಿಡಿದ ಹೆಸರೂ ಇದೆ. ರೋಮ್‌ನಲ್ಲಿ ಆಲ್ಫ್ರೆದೊ ದಿ ಲೇಲಿಯೊ ಅನ್ನೋ ಹೋಟೆಲ್ ಮಾಲೀಕ ಬೆಣ್ಣೆ, ಪಾರ್ಮೆಸಾನ್ ಚೀಸ್ ಬೆರೆಸಿದ ಫೆತ್ತುಚೀನೆ ಬಡಿಸ್ತಿದ್ದ. ಇಟಲಿಯವರಿಗೆ ಅದು ಮನೆಮನೆಯ ಬೆಣ್ಣೆ ಪಾಸ್ತಾ. ಹಾಲಿವುಡ್ ತಾರೆಯರಾದ ಮೇರಿ ಪಿಕ್‌ಫರ್ಡ್, ಡಗ್ಲಸ್ ಫೇರ್‌ಬ್ಯಾಂಕ್ಸ್ ಅವನ ಹೋಟೆಲಿನಲ್ಲಿ ಉಂಡು, ಮೆಚ್ಚಿ, ಚಿನ್ನದ ಫೋರ್ಕ್ ಮತ್ತು ಚಮಚ ಉಡುಗೊರೆ ಕೊಟ್ಟರು. ಅಮೆರಿಕದಲ್ಲಿ ಆ ಖಾದ್ಯಕ್ಕೆ ಕ್ರೀಮ್ ಸೇರಿತು, ‘ಆಲ್ಫ್ರೆಡೊ’ ಲೋಕಪ್ರಸಿದ್ಧವಾಯ್ತು. ಇಟಲಿಯ ಸಾಮಾನ್ಯ ಮೆನುಗಳಲ್ಲಿ ಮಾತ್ರ ಆ ಹೆಸರು ಸಿಗೋದೇ ಅಪರೂಪ.

ಇಷ್ಟಕ್ಕೇ ಮುಗಿದಿದ್ರೆ ಇದು ಬರೀ ಸ್ವಾರಸ್ಯದ ವಿಷಯ. ಆದರೆ ನಮ್ಮಲ್ಲಿ ಸಸ್ಯಾಹಾರಿಗಳು ಬಹಳ ಜನ, ಅಲರ್ಜಿ ಇರೋರೂ ಇದ್ದಾರೆ. ಆನ್‌ಸೈಟ್ ಹೋದಾಗ ಇದು ನಿಜವಾದ ತೊಂದರೆ. ಪುಟ್ಟನೆಸ್ಕಾ ನೋಡೋಕೆ ಟೊಮೆಟೊ ಸಾಸ್, ಒಳಗೆ ಸಾಮಾನ್ಯವಾಗಿ ಆಂಚೊವಿ ಮೀನು ಇರುತ್ತೆ. ಪೆಸ್ತೊ ಅಂದ್ರೆ ‘ತುಳಸಿ ಜಾತಿಯ ಸೊಪ್ಪಿನ ಚಟ್ನಿ’ ಅಂತ ಅನುವಾದ ಮಾಡಬಹುದು. ಆದರೆ ಅದರಲ್ಲಿ ಬೀಳುವ ಪಾರ್ಮಿಜಾನೊ ರೆಜ್ಜಾನೊ ಚೀಸನ್ನ ನಿಯಮದ ಪ್ರಕಾರ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿಯೇ ಹೆಪ್ಪುಗಟ್ಟಿಸಬೇಕು. ಈ ಸಂಗತಿ ಹೆಸರಿನಲ್ಲೂ ಇಲ್ಲ, ಅನುವಾದದಲ್ಲೂ ಇಲ್ಲ.

ಕಾನೂನು ಬಂದದ್ದು ತಡವಾಗಿ. ಪಾರ್ಮೆಸಾನ್ ಅನ್ನೋ ಪದ ಪಾರ್ಮಿಜಾನೊ ರೆಜ್ಜಾನೊ ಎಂಬ ಸಂರಕ್ಷಿತ ಹೆಸರನ್ನೇ ಮನಸ್ಸಿಗೆ ತರುತ್ತೆ ಅಂತ ಯುರೋಪಿನ ನ್ಯಾಯಾಲಯ 2008ರಲ್ಲಿ ಹೇಳಿತು. ಅದು ಹೆಸರಿನ ರಕ್ಷಣೆ, ಚೀಸ್ ಮಾಡುವವರಿಗಾಗಿ. ತಿನ್ನುವವರಿಗಾಗಿ ಬಂದದ್ದು 2014ರ ಡಿಸೆಂಬರಿನಲ್ಲಿ. ಗೋಧಿ, ಹಾಲು, ಮೊಟ್ಟೆ, ಮೀನು, ಶೇಂಗಾ ಸೇರಿ 14 ಬಗೆಯ ಅಲರ್ಜಿಕಾರಕಗಳ ಮಾಹಿತಿಯನ್ನ ಯುರೋಪಿಯನ್ ಒಕ್ಕೂಟದ ಹೋಟೆಲುಗಳೂ ಕೊಡಲೇಬೇಕು ಅಂತಾಯ್ತು. ರೆನೆಟ್ ಮಾತ್ರ ಆ ಪಟ್ಟಿಯಲ್ಲಿಲ್ಲ, ಅದನ್ನ ನಾವೇ ಬಾಯಿಬಿಟ್ಟು ಕೇಳಬೇಕು.

ಈ ಇತಿಹಾಸ ನೋಡಿದ್ರೆ ನನಗನ್ನಿಸೋದು ಇಷ್ಟು. ಹೆಸರು ಬೇರೆ, ವಿವರ ಬೇರೆ. ಹೆಸರಿಗೆ ಅನುವಾದ ಬೇಡ, ಅದು ಆ ಊರಿನದ್ದಾಗೇ ಇರಲಿ. ಅದರ ಕೆಳಗೆ, ಯಾವುದರಿಂದ ಮಾಡಿದ್ದು ಅಂತ ಸರಳ ಮಾತಿನಲ್ಲಿ ಒಂದು ಸಾಲು ಇರಲಿ. ಮುಂಬೈಯ ಮೆನುವಿನಲ್ಲಿ ‘ಬಿಸಿಬೇಳೆ ಬಾತ್’ ಅಂತ ಬರೆಯುವ ನಮ್ಮವರಿಗೂ ಇದೇ ಮಾತು. ‘ಹಾಟ್ ಲೆಂಟಿಲ್ ರೈಸ್’ ಅಂತ ಹೆಸರು ಬದಲಿಸೋದು ಬೇಡ. ಮೇಲೆ ಗೋಡಂಬಿ ಒಗ್ಗರಣೆ ಇದೆ ಅಂತ ಕೆಳಗೆ ಬರೆದರೆ ಸಾಕು.