‘ಕವೆಟ್’ ಎಂಬ ಕ್ರಿಯಾಪದದ ಹಿಂದಿನ ಕಥೆ

ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿರುವ ನಿಮ್ಮ ಮಕ್ಕಳನ್ನು ಕರೆದು, ‘ಕವೆಟ್’ ಎಂಬ ಕ್ರಿಯಾಪದವನ್ನು ಬಳಸಿ ಒಂದು ವಾಕ್ಯ ರಚಿಸುವಂತೆ ಕೇಳಿ ನೋಡಿ. ಧರ್ಮೋಪದೇಶ ತರಗತಿಗೆ ತಪ್ಪದೆ ಹೋಗುವ ಮಗು ಹತ್ತು ಕಟ್ಟಳೆಗಳಲ್ಲಿ ಕೊನೆಯದನ್ನು ಒಪ್ಪಿಸೀತು. ಕ್ರೀಡಾಪುಟ ಓದುವ ಮಗುವಾದರೆ ಎಲ್ಲ ತಂಡಗಳೂ ಕವೆಟ್ ಮಾಡುವ ವಿಶ್ವಕಪ್ಪಿನ ಕುರಿತು ಹೇಳೀತು. ಪದ ಒಂದೇ, ಒಂದು ವಾಕ್ಯದಲ್ಲಿ ಅದು ಪಾಪ, ಇನ್ನೊಂದರಲ್ಲಿ ಪ್ರಶಂಸೆ. ಗೆಳತಿಯ ಪಾದರಕ್ಷೆಯನ್ನು ಮೆಚ್ಚಿಕೊಳ್ಳುವಾಗಲೂ ಇಂದಿನ ಇಂಗ್ಲಿಷಿನವರು ನಗುತ್ತ ಇದೇ ಪದವನ್ನು ಬಳಸುತ್ತಾರೆ. ಸೀನಾಯ್ ಬೆಟ್ಟದಲ್ಲಿ ನಿಷಿದ್ಧವಾದ ಕ್ರಿಯೆಯೊಂದು ಹೀಗೆ ಹೊಗಳಿಕೆಯ ಮಾತಾದದ್ದು ಹೇಗೆ?

ಪದದ ಮೂಲ ಲತೀನ್. ‘ಕುಪೆರೆ’ ಎಂದರೆ ಬಯಸುವುದು. ರೋಮನ್ನರ ಪ್ರಣಯದೇವತೆ ಕ್ಯುಪಿಡನ ಹೆಸರೂ ಅಲ್ಲಿಂದಲೇ ಬಂದುದು. ಅದು ಹಳೆಯ ಫ್ರೆಂಚಿನಲ್ಲಿ ರೂಪಾಂತರಗೊಂಡು, 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ತರುವಾಯ ಹರಿದುಬಂದ ಫ್ರೆಂಚ್ ಪದಗಳ ಪ್ರವಾಹದಲ್ಲಿ ಇಂಗ್ಲಿಷನ್ನು ಸೇರಿತು. ಆದಿಯಲ್ಲಿ ಅದಕ್ಕೆ ಕೇವಲ ತೀವ್ರವಾಗಿ ಬಯಸುವುದೆಂಬ ಅರ್ಥವೂ ಇತ್ತು. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಇದಕ್ಕೆ ಸಾಕ್ಷಿ ಇದೆ. ಕಟ್ಟಳೆಯಲ್ಲಿ ನಿಷೇಧವಾಗಿ ಬರುವ ಈ ಕ್ರಿಯಾಪದವೇ, ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಹನ್ನೆರಡನೆಯ ಅಧ್ಯಾಯದಲ್ಲಿ ಶ್ರೇಷ್ಠ ವರಗಳನ್ನು ಹಂಬಲಿಸಿರೆಂಬ ಆದೇಶವಾಗಿ ಬರುತ್ತದೆ. ಆದುದರಿಂದ ಇಂದಿನ ಕ್ರೀಡಾವರದಿಗಾರರನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ.

ಇಂಗ್ಲಿಷಿಗಿಂತ ಹಿಂದಕ್ಕೆ ಹೋದರೂ ಇದೇ ಇಬ್ಬಗೆ ಕಾಣುತ್ತದೆ. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಯೆಹೂದ್ಯರು ಮೋಶೆಯ ಗ್ರಂಥಗಳನ್ನು ಗ್ರೀಕಿಗೆ ತಂದಾಗ, ಕಟ್ಟಳೆಗೆ ‘ಎಪಿಥುಮೆಯೊ’ ಎಂಬ ಕ್ರಿಯಾಪದವನ್ನು ಆರಿಸಿಕೊಂಡರು. ಸಂತ ಲೂಕರ ಶುಭಸಂದೇಶದ ಇಪ್ಪತ್ತೆರಡನೆಯ ಅಧ್ಯಾಯವನ್ನು ಗ್ರೀಕಿನಲ್ಲಿ ತೆರೆದು ನೋಡಿದರೆ ಅಚ್ಚರಿಯಾಗುತ್ತದೆ. ಯಾತನೆಗೆ ಮುನ್ನ ಶಿಷ್ಯರೊಡನೆ ಪಾಸ್ಕ ಭೋಜನ ಮಾಡಬೇಕೆಂದು ತಾವೆಷ್ಟು ಹಂಬಲಿಸಿದ್ದೆವೆಂದು ಯೇಸುಸ್ವಾಮಿ ನುಡಿಯುವಲ್ಲಿ ಇರುವುದೂ ಇದೇ ಕ್ರಿಯಾಪದ! ಬಯಕೆ ಸ್ವತಃ ಕೆಟ್ಟದ್ದೆಂದು ಬೋಧಿಸುವವರು ಈ ವಾಕ್ಯವನ್ನು ಗಮನಿಸಬೇಕು.

ಹಾಗಾದರೆ ನಿಷಿದ್ಧವಾದುದು ಯಾವುದು? ಮೂಲ ಹಿಬ್ರೂವಿನ ಪದ ‘ಹಾಮದ್’. ಏದೆನ್ ತೋಟದ ಮರ ಮನಸ್ಸಿಗೆ ರಮ್ಯವಾಗಿ ತೋರಿತೆಂಬಲ್ಲಿ ಇದರ ರೂಪವೇ ಇದೆ: ಹವ್ವಳು ಕಂಡಳು, ಬಯಸಿದಳು, ಕಿತ್ತುಕೊಂಡಳು. ಜೆರಿಕೊ ಪತನದ ನಂತರ ಆಖಾನನು ತಪ್ಪೊಪ್ಪಿಕೊಳ್ಳುವಾಗಲೂ ಅದೇ ಅನುಕ್ರಮ: ಉತ್ತಮವಾದ ನಿಲುವಂಗಿ, ಬೆಳ್ಳಿ, ಬಂಗಾರ ಕಂಡವು, ಆಸೆಯಾಯಿತು, ತೆಗೆದುಕೊಂಡೆ. ಪ್ರವಾದಿ ಮೀಕನು ಖಂಡಿಸುವುದು ಹೊಲಗಳನ್ನು ಬಯಸಿ ಕಬಳಿಸುವವರನ್ನು. ಕಣ್ಣು, ಮನಸ್ಸು, ಕೈ – ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸುವ ಪದವದು.

ನಮ್ಮ ಕಟ್ಟಳೆಯ ಪಾಠಗಳಲ್ಲಿ ‘ಆಶಿಸು’, ‘ಆಶೆಪಡು’ ಎಂಬ ಮಾತುಗಳು ರೂಢಿಯಲ್ಲಿವೆ. ಇಂದಿನ ಕನ್ನಡದಲ್ಲಿ ‘ತಾವು ಬರುವಿರೆಂದು ಆಶಿಸುತ್ತೇನೆ’ ಎಂದು ಆಹ್ವಾನ ಪತ್ರಿಕೆಯಲ್ಲೂ ಬರೆಯುತ್ತೇವೆ. ಹೀಗಾಗಿ ಹೊಸ ಸೈಕಲ್ ಬೇಕೆನ್ನುವುದೂ ಪಾಪವೇ ಎಂದು ಮಕ್ಕಳು ಕೇಳಿದರೆ ತಪ್ಪಲ್ಲ. ‘ಹೊಟ್ಟೆಕಿಚ್ಚು’ ಎಂದರೂ ಸರಿಹೋಗದು. ಅದು ಪರರ ಒಳಿತನ್ನು ಕಂಡು ಪಡುವ ದುಃಖವೆಂದು ಸಂತ ತೋಮಸ್ ಅಕ್ವಿನಾಸರು ಬಿಡಿಸಿ ಹೇಳಿದ್ದಾರೆ. ಹೊಟ್ಟೆಕಿಚ್ಚಿನವನಿಗೆ ನೆರೆಯವನ ಎಮ್ಮೆ ಸತ್ತರೆ ಸಾಕು; ಕವೆಟ್ ಮಾಡುವವನಿಗೆ ಆ ಎಮ್ಮೆ ಜೀವಂತವಾಗಿ ತನ್ನ ಕೊಟ್ಟಿಗೆಗೆ ಬರಬೇಕು. ನನ್ನ ಅಭಿಪ್ರಾಯದಲ್ಲಿ ಹಿಬ್ರೂ ಪದಕ್ಕೆ ಅತಿ ಸಮೀಪವಾದುದು ನಮ್ಮ ಹಳ್ಳಿಯ ಮಾತು. ‘ಅಣ್ಣನ ಪಾಲಿಗೆ ಬಂದ ತೋಟದ ಮೇಲೆ ತಮ್ಮ ಕಣ್ಣು ಹಾಕಿದ್ದಾನೆ’ ಎಂದರೆ ಯಾರಿಗೂ ನಿಘಂಟು ಬೇಕಾಗದು. ಕಣ್ಣು ಬಿದ್ದಲ್ಲಿ ಕೈಯೂ ಹಿಂಬಾಲಿಸೀತೆಂಬ ಆತಂಕ ಆ ಮಾತಿನಲ್ಲೇ ಅಡಗಿದೆ.

ಕಣ್ಣು ಹಾಕಿದವರಲ್ಲಿ ಅರಸ ಅಹಾಬನ ವೃತ್ತಾಂತ, ಆಸ್ತಿ ಪಾಲಾಗುವ ಪ್ರತಿಯೊಂದು ಮನೆಯಲ್ಲೂ ಓದಿಸತಕ್ಕದ್ದು. ಅರಮನೆಯ ಪಕ್ಕದಲ್ಲಿದ್ದ ನಾಬೋತನ ದ್ರಾಕ್ಷಿತೋಟ ಅವನಿಗೆ ಕಾಯಿಪಲ್ಯದ ತೋಟಕ್ಕೆ ಬೇಕಾಯಿತು. ಅವನ ಮೊದಲ ಮಾತು ಅನ್ಯಾಯದ್ದಲ್ಲ ಎಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಬದಲಿಗೆ ಇನ್ನೂ ಉತ್ತಮವಾದ ತೋಟವನ್ನೋ, ಹಣವನ್ನೋ ಕೊಡಲು ಅವನು ಸಿದ್ಧನಿದ್ದ. ಪಿತ್ರಾರ್ಜಿತವನ್ನು ಕೊಡಲಾರೆನೆಂದು ನಾಬೋತನು ಉತ್ತರಿಸಿದನು. ಅಹಾಬನು ಅಲ್ಲಿಗೇ ಬಿಟ್ಟಿದ್ದರೆ ಅದು ಮುರಿದುಬಿದ್ದ ಒಂದು ವ್ಯಾಪಾರವಾಗಿ ಮರೆತುಹೋಗುತ್ತಿತ್ತು. ಅವನೋ ಹಾಸಿಗೆಯಲ್ಲಿ ಮುಖ ತಿರುಗಿಸಿ ಮಲಗಿ ಊಟ ಬಿಟ್ಟನು. ಮುಂದಿನದನ್ನು ರಾಣಿ ಈಜೆಬೆಲಳು ನೋಡಿಕೊಂಡಳು: ಅರಸನ ಮುದ್ರೆಯ ಪತ್ರಗಳು, ಇಬ್ಬರು ಸುಳ್ಳುಸಾಕ್ಷಿಗಳು, ಕಲ್ಲೆಸೆತ. ಸುಳ್ಳುಸಾಕ್ಷಿ, ಕೊಲೆ, ಕಳವು – ಮೂರು ಕಟ್ಟಳೆಗಳು ಮುರಿದದ್ದು ಕೊನೆಯದನ್ನು ಮುರಿದ ಬಳಿಕ. ತೋಟವನ್ನು ಬಯಸಿದಾಗಲ್ಲ, ನಾಬೋತನ ‘ಇಲ್ಲ’ವನ್ನು ಸಹಿಸದಾದಾಗ ಅಹಾಬನು ಗೆರೆ ದಾಟಿದನು.

1992ರ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಇದನ್ನೇ ಸಮರ್ಥಿಸುತ್ತದೆ: ನೆರೆಯವನಲ್ಲಿರುವುದನ್ನು ನ್ಯಾಯವಾದ ಮಾರ್ಗದಲ್ಲಿ ಪಡೆಯಲು ಬಯಸುವುದು ಕಟ್ಟಳೆಯ ಉಲ್ಲಂಘನೆಯಲ್ಲ. ಆಮೇಲೆ ಅದು, ಟ್ರೆಂಟ್ ಮಹಾಸಭೆಯ ಬಳಿಕ 1566ರಲ್ಲಿ ಪ್ರಕಟವಾದ ರೋಮನ್ ಧರ್ಮೋಪದೇಶದಿಂದ ಒಂದು ಪಟ್ಟಿಯನ್ನು ಎತ್ತಿಕೊಳ್ಳುತ್ತದೆ. ಈ ಕಟ್ಟಳೆಯನ್ನು ಮೀರುವವರು ಯಾರೆಂದರೆ, ತಾವು ಹೆಚ್ಚು ಬೆಲೆಗೆ ಮಾರಲೆಂದು ಸರಕಿಗೆ ಅಭಾವ ಬರಲೆಂದು ಬಯಸುವ ವರ್ತಕರು, ರೋಗ ಹರಡಲೆಂದು ಬಯಸುವ ವೈದ್ಯರು, ದೊಡ್ಡ ದೊಡ್ಡ ವ್ಯಾಜ್ಯಗಳಿಗಾಗಿ ಹಾತೊರೆಯುವ ವಕೀಲರು. ಇವರಾರೂ ಇನ್ನೂ ಏನನ್ನೂ ಕದ್ದಿಲ್ಲ; ಅಂಗಡಿಯ ಗಲ್ಲದ ಮುಂದೆ ಕುಳಿತು ಮಳೆ ಬಾರದಿರಲೆಂದು ಆಕಾಶ ನೋಡುತ್ತಿದ್ದಾರೆ, ಅಷ್ಟೆ.