ಕಣಗಿಲೆ ಪತಂಗದ ಸಹಜ ನೆಲೆ: ಎಲ್ಲೆಯನ್ನು ಗುರುತಿಸುವ ಬಗೆ

ಉಷ್ಣವಲಯದ ಪತಂಗವೊಂದರ ಸಹಜ ನೆಲೆ ಯಾವುದೆಂದು ತೀರ್ಮಾನಿಸಲು ಅದು ಎಲ್ಲೆಲ್ಲಿ ಕಾಣಿಸಿಕೊಂಡಿದೆ ಎಂಬ ಪಟ್ಟಿಯೊಂದೇ ಸಾಲದು. ಅಲ್ಲಿ ಅದರ ಸಂತತಿ ವರ್ಷವಿಡೀ ಉಳಿದು ಬರುತ್ತದೆಯೇ ಎಂಬುದನ್ನೂ ಪರಿಶೀಲಿಸಬೇಕು. 1758ರಲ್ಲಿ ಲಿನೇಯಸ್ ವಿವರಿಸಿದ, ಸ್ಫಿಂಜಿಡೇ ಕುಟುಂಬದ ಡ್ಯಾಫ್ನಿಸ್ ನೇರಿಯೈ, ಅಂದರೆ ಕಣಗಿಲೆ ಪತಂಗ, ಇದಕ್ಕೆ ಸ್ಪಷ್ಟ ನಿದರ್ಶನ.

ಇದರ ವ್ಯಾಪ್ತಿಯನ್ನು ಮೂರಾಗಿ ವಿಂಗಡಿಸಬಹುದು. ಆಫ್ರಿಕದ ಹಾಗೂ ದಕ್ಷಿಣ ಏಷ್ಯದ ಬೆಚ್ಚನೆಯ ಪ್ರದೇಶಗಳು ಇದರ ಸ್ಥಿರ ನೆಲೆ. ಬೇಸಗೆಯಲ್ಲಿ ಇದು ಉತ್ತರಕ್ಕೆ ವಲಸೆ ಹೊರಟು ಯೂರೋಪನ್ನು ಸೇರುತ್ತದೆ. ಅಪರೂಪಕ್ಕೆ ಬ್ರಿಟನ್ನಿನವರೆಗೂ ಹೋಗುವುದುಂಟು. ಯೂರೋಪಿನ ಬಹುಭಾಗದಲ್ಲಿ ಮೊಟ್ಟೆಯಿಟ್ಟರೂ ಸಂತತಿ ಕಡುಚಳಿಯನ್ನು ದಾಟಿ ಬದುಕದು. ಇನ್ನು ಮೂರನೆಯದು ಪೆಸಿಫಿಕ್ ದ್ವೀಪಗಳು: 1974ರಲ್ಲಿ ಹವಾಯಿಯಲ್ಲಿ, 2005ರಲ್ಲಿ ಗುವಾಮ್‌ನಲ್ಲಿ ಹೊಸದಾಗಿ ದಾಖಲಾದ ಈ ಪತಂಗ ಅಲ್ಲಿನ ಮೂಲನಿವಾಸಿಯಲ್ಲ.

ಸ್ಥಿರ ನೆಲೆಯ ಕುರುಹು ಸಿಗುವುದು ಹುಳುವಿನ ಹಂತದಲ್ಲಿ. ಕರ್ನಾಟಕದ ಹಿತ್ತಲುಗಳಲ್ಲಿ ನಂದಿಬಟ್ಟಲು ಗಿಡದ ಎಲೆಗಳು ಮೊಂಡಾಗಿದ್ದರೆ ಕೊಂಬೆಯ ಅಡಿಬದಿಯನ್ನು ನೋಡಬೇಕು. ಎಲೆಯದೇ ಹಸಿರಿನ ದಪ್ಪ ಹುಳು, ಇಕ್ಕೆಲಗಳಲ್ಲಿ ಬಿಳಿ ಪಟ್ಟೆ ಮತ್ತು ಚುಕ್ಕೆಗಳು, ಹಿಂತುದಿಯಲ್ಲಿ ಹಳದಿ ಕೊಂಬು. ಮುಟ್ಟಿದೊಡನೆ ತಲೆ ತಗ್ಗಿಸಿ ಎದೆಭಾಗವನ್ನು ಉಬ್ಬಿಸುತ್ತದೆ. ಆಗ ನೀಲಿ-ಬಿಳಿ ಬಣ್ಣದ ಎರಡು ಕಣ್ಣುಗುರುತುಗಳು ಎದ್ದು ಕಾಣುತ್ತವೆ. ಬಲಿತ ಹುಳು ಕಂದುಬಣ್ಣಕ್ಕೆ ತಿರುಗಿ, ಗಿಡದಿಂದಿಳಿದು ತರಗೆಲೆಗಳ ನಡುವೆ ಕೋಶಾವಸ್ಥೆ ಸೇರುತ್ತದೆ. ಕಣಗಿಲೆಯ ಎಲೆಯಲ್ಲಿರುವ ಓಲಿಯಾಂಡ್ರಿನ್ ದನಕರುಗಳ ಹೃದಯಕ್ಕೆ ಮಾರಕ. ಈ ಹುಳುವಿಗೆ ಅದೇ ಎಲೆ ನಿತ್ಯದ ಆಹಾರ.

ಆಹಾರ ಸಸ್ಯಗಳ ಹರಡುವಿಕೆಯಲ್ಲಿ ಮನುಷ್ಯನ ಪಾತ್ರ ದೊಡ್ಡದು. ಹೆದ್ದಾರಿಗಳ ನಡುಪಟ್ಟಿಯಲ್ಲಿ ಸಾಲಾಗಿ ಕಣಗಿಲೆ ನೆಡುತ್ತೇವೆ. ಈ ಹುಳು ತಿನ್ನುವ ನಿತ್ಯಪುಷ್ಪವಾದರೋ ಮಡಗಾಸ್ಕರ್ ಮೂಲದ ಗಿಡ. ಇಂದು ನಮ್ಮ ಅಂಗಳಗಳಲ್ಲಿ ಸಾಮಾನ್ಯ. ಹೀಗಾಗಿ ಪತಂಗಕ್ಕೆ ಮೇವು ಒದಗುವ ತಾಣಗಳು ಹೆಚ್ಚಿವೆ. ಆದರೆ ಯೂರೋಪಿನಲ್ಲೂ ಕಣಗಿಲೆ ಬೆಳೆಯುತ್ತದೆ ಎಂಬುದನ್ನು ಗಮನಿಸಿದರೆ, ಉತ್ತರದ ಎಲ್ಲೆಯನ್ನು ನಿರ್ಧರಿಸುವುದು ಮೇವಿಗಿಂತ ಮುಖ್ಯವಾಗಿ ಚಳಿ ಎನ್ನಬೇಕಾಗುತ್ತದೆ.

ದೀಪಕ್ಕೆ ಬಂದ ಒಂದು ಪತಂಗ ಅದರ ಹಾರಾಟಕ್ಕಷ್ಟೇ ಸಾಕ್ಷಿ. ಆದ್ದರಿಂದ ಪ್ರತಿ ದಾಖಲೆಯಲ್ಲೂ ತಿಂಗಳು, ಜೀವನಹಂತ, ಆಹಾರ ಸಸ್ಯ ಈ ಮೂರನ್ನೂ ನಮೂದಿಸಬೇಕು. ಹವಾಮಾನ ಬಿಸಿಯೇರುತ್ತಿರುವ ಈ ಕಾಲದಲ್ಲಿ ವಲಸೆಯ ತಾಣವೊಂದು ಸ್ಥಿರ ನೆಲೆಯಾಗಿ ಮಾರ್ಪಟ್ಟರೆ ಅದು ತಿಳಿದುಬರುವುದು ಇಂಥ ದಾಖಲೆಗಳಿಂದಲೇ.